ಮೂವತ್ತೆರಡು ಕೈ

ಏಳಾಂಕುನ್ನಿನ ಬೀಡಿ ಸಂಘದಲ್ಲಿ ಸಿಟ್ಟು ಮಾಡಿಕೊಳ್ಳುವ ಹಕ್ಕು ಎಲ್ಲರಿಗೂ ಇತ್ತು, ಪವಿತ್ರನ್ ಒಬ್ಬನನ್ನು ಬಿಟ್ಟು. ಎಲೆ ಒಣಗಿಹೋಗಿದೆ ಎಂದು ಚಾತ್ತು ಏಟ್ಟ, ಅಂದರೆ ಚಾತ್ತು ಅಣ್ಣ, ಮೊರ ಎತ್ತಿ ಕುಕ್ಕಿದರೆ ಅದು ಕಾರ್ಮಿಕನ ಪ್ರತಿಭಟನೆ. ಕಾರ್ಯದರ್ಶಿ ನಾಣು ಏಟ್ಟ ಮೇಜು ಗುದ್ದಿ ಗಂಟಲು ಹರಿದುಕೊಂಡರೆ ಅದು ಹೋರಾಟದ ಕಿಚ್ಚು. ಹೆಂಗಸರ ಸಾಲಿನಲ್ಲಿ ಇಬ್ಬರು ಜುಟ್ಟು ಹಿಡಿದುಕೊಳ್ಳುವ ತನಕ ಜಗಳವಾಡಿದರೆ, ಪಾಪ, ಮನೆಯಲ್ಲಿ ಏನು ತಾಪತ್ರಯವೋ. ಪವಿತ್ರನ್ ದನಿ ಒಂದು ಮೆಟ್ಟಿಲು ಏರಿತೋ, ಎಲೆ ಕತ್ತರಿಸುವ ಮೂವತ್ತೆರಡು ಕತ್ತರಿಗಳು ಒಟ್ಟಿಗೆ ನಿಲ್ಲುತ್ತಿದ್ದವು. ಯಾರೋ ನೀರು ತರುತ್ತಿದ್ದರು. ಇನ್ಯಾರೋ ಅಲ್ಲೇ ಬೀಡಿ ಕಟ್ಟುವ ಅವನ ಹೆಂಡತಿ ಕೌಮುದಿಯ ಕಿವಿಯಲ್ಲಿ, "ಮಾತ್ರೆ ತಕೊಂಡಿದ್ದಾನಾ ಇವತ್ತು?" ಎನ್ನುತ್ತಿದ್ದರು. ಒಮ್ಮೆ ತಲೆ ಕೆಟ್ಟವನಿಗೆ ಜೀವಮಾನವಿಡೀ ಸಿಟ್ಟಿನ ಪಥ್ಯ.

ತಲೆ ಕೆಟ್ಟದ್ದು ಸುಳ್ಳಲ್ಲ. ಎಪ್ಪತ್ತೊಂಬತ್ತರಲ್ಲಿ, ಅವನಿಗೆ ಇಪ್ಪತ್ತಾರು ವರ್ಷವಾಗಿದ್ದಾಗ, ಗೋಡೆಯೊಳಗೆ ಪೊಲೀಸರು ಕೂತು ತನ್ನ ಮಾತನ್ನೆಲ್ಲ ಬರೆದುಕೊಳ್ಳುತ್ತಿದ್ದಾರೆ ಎಂದು ಅವನಿಗೆ ಖಾತ್ರಿಯಾಗಿತ್ತು. ಮೂರು ಕಡೆ ಗೋಡೆ ಅಗೆದಿದ್ದ. ಔಷಧಿ ಅವನನ್ನು ಅಲ್ಲಿಂದ ಎಳೆದು ತಂದಿತು, ಅದನ್ನು ಅವನೇ ಒಪ್ಪುತ್ತಿದ್ದ. ಮೊದಲು ಕೊಟ್ಟ ಮಾತ್ರೆಯಿಂದ ಬೆರಳು ನಡುಗಿ ಬೀಡಿ ಕಟ್ಟುವ ಕೈ ಹೋಯಿತು. ಕಣ್ಣೂರಿನ ಆಸ್ಪತ್ರೆಯ ಮನೋವೈದ್ಯ ಗೋಪಿನಾಥನ್ ಅದನ್ನು ಬದಲಿಸಿ ಹಳದಿ ಮಾತ್ರೆ ಬರೆದರು. ನಡುಕ ನಿಂತಿತು, ಹಳೆಯ ಚುರುಕು ಮಾತ್ರ ಬರಲಿಲ್ಲ. ಆಗ ಸಂಘದವರು ಅವನನ್ನು ಓದುವವನ ಪೀಠದಲ್ಲಿ ಕೂರಿಸಿದರು.

ಹಾಲ್‌ನ ನಡುವೆ ಒಂದಡಿ ಎತ್ತರದ ಹಲಗೆ, ಅದೇ ಪೀಠ. ಬೆಳಿಗ್ಗೆ ಪೇಪರುಗಳು, ಊಟದ ಮೇಲೆ ಕತೆ ಕಾದಂಬರಿ. ಓದುವವನಿಗೆ ಬೇರೆ ಕೂಲಿ ಇಲ್ಲ. ಕಟ್ಟುವ ಒಬ್ಬೊಬ್ಬರೂ ದಿನಕ್ಕೊಂದು ಬೀಡಿ ಕಟ್ಟನ್ನು ಅವನ ಬುಟ್ಟಿಗೆ ಹಾಕಬೇಕು, ಅವನ ಬದುಕು ಅದರಿಂದ. ನಿಯಮಗಳು ಎರಡೇ: ಓದುವಾಗ ಯಾರ ಕೈಯೂ ನಿಲ್ಲಬಾರದು, ಓದುವವನನ್ನು ನಡುವೆ ತಡೆಯಬಾರದು. ಜಗಳ ಏನಿದ್ದರೂ ಓದು ಮುಗಿದ ಮೇಲೆ. ಹದಿನೈದು ವರ್ಷ ಪವಿತ್ರನ್ ಆ ಹಲಗೆಯ ಮೇಲೆ ರಾಜನ ಹಾಗೆ ಕೂತಿದ್ದ. ಯಾವ ಪೇಪರು ಯಾವ ಸುದ್ದಿಯನ್ನು ಯಾವ ರಾಗದಲ್ಲಿ ಬರೆಯುತ್ತದೆ ಎಂಬುದು ಅವನಿಗೆ ಬಾಯಿಪಾಠವಾಗಿತ್ತು.

ಎರಡು ವರ್ಷದ ಹಿಂದೆ ಒಂದು ಮುಷ್ಕರದ ಸಮಯ. ಎದುರು ಪಕ್ಷದ ಪೇಪರನ್ನು ಓದುವುದು ಬೇಡ ಎಂದು ನಾಣು ಏಟ್ಟ ಅಪ್ಪಣೆ ಮಾಡಿದರು. ಪವಿತ್ರನ್ ಪೇಪರನ್ನು ನೆಲಕ್ಕೆ ಬಡಿದು, "ಅರ್ಧ ಕಿವಿ ಮುಚ್ಚಿಕೊಂಡು ಕೇಳುವವರಿಗೆ ನಾನು ಓದುದಿಲ್ಲ" ಎಂದು ಕೂಗಿದ. ಅಷ್ಟೇ. ಬೇರೆ ಯಾರಾದರೂ ಕೂಗಿದ್ದರೆ ಸಂಜೆ ಚಹಾ ಅಂಗಡಿಯಲ್ಲಿ ಮುಗಿಯುತ್ತಿತ್ತು. ಇವನ ವಿಷಯಕ್ಕೆ ಶನಿವಾರ ಸಭೆ ಸೇರಿತು. ಏಳಾಂಕುನ್ನಿನವರು ಬಾವಿಗೆ ಹಗ್ಗ ತರುವುದಕ್ಕೂ ಸಭೆ ಸೇರುವವರು. ನಾಣು ಏಟ್ಟ ಪುಸ್ತಕದಲ್ಲಿ ತೀರ್ಮಾನ ಬರೆದರು: ಸಹ ಕಾರ್ಮಿಕ ಪವಿತ್ರನ್ ಅವರ ಕಾಯಿಲೆ ಉಲ್ಬಣಿಸಿರುವ ಕಾರಣ ಔಷಧಿಯ ಪ್ರಮಾಣ ಹೆಚ್ಚಿಸಬೇಕೆಂದು ವೈದ್ಯರನ್ನು ಕೋರುವುದು. ಪವಿತ್ರನ್ ವಿರೋಧಿಸಿ ಕೈ ಎತ್ತಿದ. ಅದು ಲೆಕ್ಕಕ್ಕಿಲ್ಲ, ವಿಷಯಕ್ಕೆ ಸಂಬಂಧಪಟ್ಟವರು ಮತ ಹಾಕುವ ಹಾಗಿಲ್ಲ ಎಂದರು. ಪರವಾಗಿ ಮೂವತ್ತೆರಡು ಕೈ. ಹೆಂಗಸರ ಸಾಲಿನ ಕೊನೆಯಲ್ಲಿ ಕೌಮುದಿಯದ್ದೂ ಇತ್ತು.

ಒಬ್ಬ ಮನುಷ್ಯನ ಮಾತ್ರೆಯನ್ನು ಬಹುಮತದಿಂದ ಹೆಚ್ಚಿಸುವ ಊರು ಭೂಮಿಯ ಮೇಲೆ ಇನ್ನೊಂದು ಇರಲಾರದು. ಅವರೆಲ್ಲ ಒಳ್ಳೆಯವರೇ. ಅದೇ ಹೊಟ್ಟೆ ಉರಿಸುವ ಸಂಗತಿ. ಕೇಡು ಬಯಸಿದವರಾಗಿದ್ದರೆ ಉಗಿದು ನಡೆಯಬಹುದಿತ್ತು.

ಗೋಪಿನಾಥನ್ ಡಾಕ್ಟರು ಎಲ್ಲರೂ ಸಹಿ ಹಾಕಿ ಸಂಘದ ಮೊಹರು ಹೊಡೆದ ಕಾಗದವನ್ನು ಎರಡು ಸಲ ಓದಿದರು. "ಒಳ್ಳೇ ಸಂಘಟನೆ ನಿಮ್ಮದು. ಇಷ್ಟು ಕಾಳಜಿ ಮನೆಯವರಿಗೂ ಇರೋದಿಲ್ಲ" ಎಂದರು. ದಿನಕ್ಕೆ ಐದಿದ್ದ ಹಳದಿ ಮಾತ್ರೆ ಹತ್ತಾಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಪವಿತ್ರನ್ ಉಡುವ ಬಿಳಿ ಮುಂಡಿಗೆ ಚಹಾದ ನೀರು ಹತ್ತಿತು. ಕೌಮುದಿ ಎರಡು ಸಲ ಒಗೆದದ್ದನ್ನೇ ಮತ್ತೆ ಒಗೆಯಲು ಹೇಳಿದ. ಆಮೇಲೆ ಅನ್ನಕ್ಕೂ ಅದೇ ಬಣ್ಣ, ಆಕಾಶಕ್ಕೂ ಅದೇ. ಹೊತ್ತು ಮುಳುಗುವಾಗ ಮನೆಯ ಕೆಂಪುಕಲ್ಲಿನ ಮೆಟ್ಟಿಲು ಮಾಯವಾಗತೊಡಗಿತು. ಎರಡು ಸಲ ಬಿದ್ದು ಮೊಣಕಾಲು ಕೆತ್ತಿಕೊಂಡ. ಊರಿನವರು ಶೇಂದಿ ಎಂದುಕೊಂಡರು. ತಿಂಗಳ ಪರೀಕ್ಷೆಗೆ ಹೋದಾಗ ಡಾಕ್ಟರಿಗೆ ಹೇಳಿದ.

"ಎಲ್ಲ ಕಂದು ಕಾಣ್ತದೆ ಡಾಕ್ಟ್ರೇ."

"ನಿದ್ದೆ ಬರುತ್ತಾ?"

"ಬರ್ತದೆ. ಕಣ್ಣು..."

"ಊಟ ಸೇರುತ್ತಾ? ಗೋಡೆಯಿಂದ ಮಾತು ಏನಾದರೂ ಕೇಳುತ್ತಾ?"

"ಗೋಡೆಯೇ ಸರಿಯಾಗಿ ಕಾಣುದಿಲ್ಲ, ಮತ್ತೆ ಮಾತು ಎಲ್ಲಿಂದ?" ಎಂದು ಪವಿತ್ರನ್ ನಗಲು ನೋಡಿದ. ಡಾಕ್ಟರು ನಗಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಪವಿತ್ರನ್ ತಂದಿದ್ದ ಚೀಟಿ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಏನೋ ಗೀಚಿ ಮುಂದಿನವರನ್ನು ಕರೆದರು. ಹೀಗೆ ಮೂರು ಸಲ ಹೇಳಿದ, ಮೂರು ಸಲವೂ ಗೀಚಿದರು. ಪವಿತ್ರನ್ ಕನ್ನಡಕದ ಅಂಗಡಿಗೆ ಹೋಗಿ ಕನ್ನಡಕ ಹಾಕಿಸಿಕೊಂಡ. ಕಂದು ಬಣ್ಣ ಸ್ವಲ್ಪ ದೊಡ್ಡದಾಗಿ ಕಂಡಿತು.

ನೋಡುವ ಕಡೆಯೇ ಒಂದು ಕಲೆ ಕೂರತೊಡಗಿತು. ದಪ್ಪಕ್ಷರದ ತಲೆಬರಹ ಮುಖ ಓರೆ ಮಾಡಿದರೆ ಸಿಗುತ್ತಿತ್ತು, ಸಣ್ಣಕ್ಷರ ಇರುವೆ ಮುತ್ತಿದ ಬೆಲ್ಲ. ಆದರೆ ಪವಿತ್ರನ್‌ಗೆ ಹದಿನೈದು ವರ್ಷದ ವಿದ್ಯೆ ಇತ್ತು. ಬೆಳಿಗ್ಗೆ ರೇಡಿಯೋ ವಾರ್ತೆಯನ್ನು ಕಿವಿಯಿಟ್ಟು ಕೇಳುವನು. ಪೀಠದಲ್ಲಿ ಕೂತು ತಲೆಬರಹವನ್ನು ಓರೆಗಣ್ಣಿನಿಂದ ಹಿಡಿದು, ಉಳಿದದ್ದನ್ನು ಆ ಪೇಪರಿನ ರಾಗದಲ್ಲೇ ತಾನೇ ಹೊಸೆಯುವನು. ಸಂಪಾದಕೀಯವಂತೂ ಅಸಲಿಗಿಂತ ಚೆನ್ನಾಗಿರುತ್ತಿತ್ತು. "ಇತ್ತೀಚೆಗೆ ಪೇಪರಿನವರು ಒಳ್ಳೇದು ಬರೀತಾರೆ ಮಾರಾಯ" ಎಂದು ಚಾತ್ತು ಏಟ್ಟ ಒಮ್ಮೆ ಮೆಚ್ಚಿಕೊಂಡಿದ್ದರು.

ಆ ಚಾತ್ತು ಏಟ್ಟನೇ ಒಂದು ಗುರುವಾರ, ಓದು ಮುಗಿದ ಕೂಡಲೇ, ಪೀಠದ ಮುಂದೆ ಬಂದು ಒಂದು ಪೇಪರು ಹಾಸಿದರು. ಒಣಮೀನಿನ ವಾಸನೆ ಹಾಲ್ ತುಂಬಿತು. ಅರವತ್ತರ ಮುದುಕ, ಉಕ್ಕಿನಂಥ ಆಳು, ಅವತ್ತು ಅವರ ಗಡ್ಡ ನಡುಗುತ್ತಿತ್ತು.

"ಇದು ಯಾವ ದಿನದ ಪೇಪರ್ ಹೇಳು."

ಪವಿತ್ರನ್ ಮುಖ ಓರೆ ಮಾಡಿದ. "ಹಳೇದು."

"ಹಳೇದು ಅಂತ ಅದರಲ್ಲಿ ಕಟ್ಟಿದ ಮೀನಿಗೂ ಗೊತ್ತುಂಟು. ಯಾವ ದಿನದ್ದು?"

ಪವಿತ್ರನ್ ಹಾಳೆಯ ಮಡಿಕೆಯನ್ನು ಬೆರಳಿನಿಂದ ಸರಿಮಾಡಿದ.

"ಮಂಗಳವಾರದ್ದು. ಮರಣದ ಪುಟ. ಕರಿವೆಳ್ಳೂರಿನ ಅಂಬಾಡಿ ತೀರಿಕೊಂಡಿದ್ದಾನೆ, ಇಲ್ಲಿ ಉಂಟು, ಫೋಟೋ ಇಲ್ಲ, ಮೂರು ಗೆರೆ. ಅಂಬಾಡಿ! ಹನ್ನೊಂದು ತಿಂಗಳು ಜೈಲಿನಲ್ಲಿ ಒಂದೇ ಚಾಪೆಯಲ್ಲಿ ಮಲಗಿದವರು ನಾವು. ಒಂದು ಬೀಡಿ ಸಿಕ್ಕಿದ್ರೆ ಅರ್ಧ ಅರ್ಧ. ನೀನು ಮಂಗಳವಾರ ಮರಣದ ಪುಟ ಓದಿದೆ, ಅವನ ಹೆಸರು ಓದಲಿಲ್ಲ. ನನ್ನ ಗೆಳೆಯನಿಗೆ ಬೆಂಕಿ ಇಡುವಾಗ ನಾನು ಇಲ್ಲಿ ಕೂತು ಬೀಡಿ ಕಟ್ತಾ ಇದ್ದೆ. ಇವತ್ತು ಒಣಮೀನು ಬಿಡಿಸುವಾಗ ಗೊತ್ತಾಯ್ತು ನನಗೆ, ಒಣಮೀನು ಬಿಡಿಸುವಾಗ!"

 ಫೋಟೋ, ದಪ್ಪಕ್ಷರದ ಹೆಸರು ಇದ್ದ ನಾಲ್ಕು ಜನರನ್ನು ಮಾತ್ರ ಪವಿತ್ರನ್ ಅವತ್ತು ಓದಿದ್ದ.

ಚಾತ್ತು ಏಟ್ಟ ಹಾಳೆ ತಿರುಗಿಸಿದರು. "ಅದೂ ಹೋಗಲಿ. ಇದರ ಸಂಪಾದಕೀಯ ರೈಲ್ವೆ ಗೇಟಿನ ಬಗ್ಗೆ. ನೀನು ಓದಿದ್ದು ಹೊಗೆಸೊಪ್ಪಿನ ತೆರಿಗೆಯ ಬಗ್ಗೆ. ಹದಿನೈದು ನಿಮಿಷ ಓದಿದೆ, ಕೊನೆಗೆ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಎಲ್ಲಿ ಉಂಟು ಅದು ಇದರಲ್ಲಿ? ಯಾರು ಹೇಳಿಕೊಟ್ಟದ್ದು ನಿನ್ನ ಕಿವಿಯಲ್ಲಿ?"

 ಹಿಂದಿನ ಸಾಲಿನಿಂದ ಯಾರೋ, "ಗೋಡೆ" ಎಂದರು.

ಅತ್ತ ದರಿ, ಇತ್ತ ಪುಲಿ. ಕಣ್ಣು ಕಾಣುವುದಿಲ್ಲ ಎಂದರೆ ಪೀಠ ಹೋಗುತ್ತದೆ. ಕುರುಡನಿಗೆ ಯಾರು ಪೇಪರು ಓದಿಸುತ್ತಾರೆ? ಸುಮ್ಮನಿದ್ದರೆ ತಲೆ ಕೆಟ್ಟಿದೆ ಎಂದಾಗುತ್ತದೆ, ಮಾತ್ರೆ ಹತ್ತು ಹೋಗಿ ಹದಿನೈದಾಗುತ್ತದೆ. ಈ ಕಂದು ಆ ಮಾತ್ರೆಯದೇ ಎಂದು ಪವಿತ್ರನ್‌ಗೆ ಯಾರೂ ಹೇಳಿರಲಿಲ್ಲ. ಆದರೆ ಐದು ಹತ್ತಾದ ಮೇಲೆಯೇ ಮುಂಡಿನ ಬಣ್ಣ ಹೋದದ್ದು, ಅಷ್ಟು ಲೆಕ್ಕ ಅವನಿಗೂ ಬರುತ್ತಿತ್ತು. ಸಿಟ್ಟು ಬಂತು. ಅದನ್ನು ನುಂಗಿಕೊಂಡ. ಸಿಟ್ಟು ನುಂಗಿ ನುಂಗಿ ಅವನ ಗಂಟಲಿಗೆ ಅಭ್ಯಾಸವಾಗಿತ್ತು.

"ಶನಿವಾರ ಸಭೆ" ಎಂದರು ನಾಣು ಏಟ್ಟ, ಮಗುವಿಗೆ ಹೇಳುವ ದನಿಯಲ್ಲಿ. "ಪವಿತ್ರಾ, ನೀನು ಗಾಬರಿ ಆಗ್ಬೇಡ. ಡಾಕ್ಟ್ರಿಗೆ ಇನ್ನೊಂದು ಕಾಗದ ಬರೆಯುವ. ಎಲ್ಲ ಸರಿ ಆಗ್ತದೆ."

ಸಂಜೆ ಕೌಮುದಿ ಎಂದಿನಂತೆ ಐದು ಹಳದಿ ಮಾತ್ರೆಗಳನ್ನು ಅಂಗೈಯಲ್ಲಿಟ್ಟುಕೊಂಡು ಬಂದಳು. ಇನ್ನೈದು ಬೆಳಿಗ್ಗೆಯೇ ಹೋಗಿದ್ದವು.

"ನನಗೆ ಕಣ್ಣು ಕಾಣುದಿಲ್ಲ" ಎಂದ ಪವಿತ್ರನ್.

"ಎಂತ?"

"ಕಾಣುದಿಲ್ಲ. ಒಂದೂವರೆ ವರ್ಷ ಆಯ್ತು. ಪೇಪರ್ ನಾನು ಓದುದೇ ಇಲ್ಲ, ರೇಡಿಯೋ ಕೇಳಿ ಹೊಸೆಯುದು."

ಕೌಮುದಿ ಚಿಮಣಿ ದೀಪವನ್ನು ತನ್ನ ಮುಖದ ಹತ್ತಿರ ಹಿಡಿದಳು. "ನನ್ನನ್ನು ನೋಡಿ ಹೇಳು."

"ಕಿವಿ ಉಂಟು, ಓಲೆ ಉಂಟು. ನಡುವಿನಲ್ಲಿ ಮಸಿ. ಅಲ್ಲಿ ಮೂಗು ಇರ್ಬೇಕು."

ಅವಳು ದೀಪ ಕೆಳಗಿಟ್ಟ ರಭಸಕ್ಕೆ ಗಾಜು ಬಿರುಕು ಬಿಟ್ಟಿತು. "ನನ್ನ ಹತ್ರ ಹೇಳ್ಲಿಕ್ಕೆ ಎಂತ ರೋಗ ಬಂದದ್ದು ನಿಂಗೆ? ಒಂದೇ ಮಾಡಿನ ಕೆಳಗೆ ಬಿದ್ದುಕೊಂಡು ಒಂದೂವರೆ ವರ್ಷ ನಾಟಕ ಆಡಿದ್ಯಾ?"

"ನೀನು ಕೈ ಎತ್ತಿದವಳು."

"ಎಲ್ಲರೂ ಎತ್ತಿದ್ರು!"

"ಅದನ್ನೇ ನಾನೂ ಹೇಳಿದ್ದು."

 ಕೌಮುದಿ ಅಂಗೈಯ ಮಾತ್ರೆಗಳನ್ನು ನೋಡಿದಳು. ಬೆವರಿಗೆ ಅವುಗಳ ಹಳದಿ ಬಿಟ್ಟು ಕೈಗೆ ಹತ್ತಿತ್ತು. ಹದಿನೇಳು ವರ್ಷ ಅವಳೇ ಎಣಿಸಿ ಕೊಟ್ಟದ್ದು, ಒಂದು ಹೊತ್ತೂ ತಪ್ಪಿಸಿದವಳಲ್ಲ, ನುಂಗಿದ ಮೇಲೆ ನಾಲಿಗೆ ಎತ್ತಿಸಿ ನೋಡುತ್ತಿದ್ದಳು. "ನಾಳೆ ಕೋಝಿಕ್ಕೋಡಿಗೆ ಹೋಗುವ" ಎಂದಳು. "ಕಣ್ಣಿನ ಡಾಕ್ಟ್ರ ಹತ್ರ. ಇವತ್ತಿನದ್ದು ತಕೊ, ನಡುವೆ ಬಿಟ್ಟು ಇನ್ನೊಂದು ಅವಾಂತರ ಬೇಡ."

ಕಣ್ಣಿನ ಡಾಕ್ಟರ್ ಜಮೀಲಾಗೆ ಮೂವತ್ತು ವರ್ಷವೂ ಆಗಿರಲಿಲ್ಲ. ಕಣ್ಣಿಗೆ ಹನಿ ಬಿಟ್ಟು, ಕತ್ತಲ ಕೋಣೆಯಲ್ಲಿ ಬೆಳಕು ಹಾಯಿಸಿ ಬಹಳ ಹೊತ್ತು ನೋಡಿದಳು. ಮತ್ತೆ ನೋಡಿದಳು.

"ಯಾವ ಔಷಧಿ ತಗೊಳ್ತೀರಿ?"

ಕೌಮುದಿ ಪೊಟ್ಟಣವನ್ನೂ ಗೋಪಿನಾಥನ್ ಡಾಕ್ಟರು ಬರೆಯುವ ಚೀಟಿ ಪುಸ್ತಕವನ್ನೂ ಕೊಟ್ಟಳು.

"ದಿನಕ್ಕೆ ಎಷ್ಟು?"

"ಹತ್ತು."

"ಹತ್ತಾ?" ಜಮೀಲಾ ಎದ್ದು ನಿಂತಳು. "ಎಷ್ಟು ಸಮಯದಿಂದ? ಕಣ್ಣು ಯಾರು ನೋಡ್ತಿದ್ರು? ವರ್ಷಕ್ಕೊಮ್ಮೆ ಆದ್ರೂ?"

"ಯಾರೂ ನೋಡ್ಲಿಲ್ಲ. ನೋಡ್ಬೇಕು ಅಂತ ಯಾರೂ ಹೇಳ್ಲಿಲ್ಲ."

ಕಣ್ಣಿನ ಹಿಂಪರದೆಯಲ್ಲಿ ಮಸಿ ಚೆಲ್ಲಿದ ಹಾಗೆ ಆಗಿದೆ, ಹೋದದ್ದು ಹೆಚ್ಚುಕಡಿಮೆ ಹೋಯಿತು, ಈಗಲೇ ಔಷಧಿ ಬದಲಿಸಿದರೆ ಉಳಿದದ್ದು ಉಳಿಯಬಹುದು, ಆದರೆ ತಾವಾಗಿ ನಿಲ್ಲಿಸಬಾರದು, ತನ್ನ ಪತ್ರ ಹಿಡಿದು ಇವತ್ತೇ ಮನೋವೈದ್ಯರ ಬಳಿ ಹೋಗಬೇಕು ಎಂದು ಅವಳು ಬಿಡಿಸಿ ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿ ಏರಿತು. "ಇದು ಹೊಸ ಸಂಗತಿ ಅಲ್ಲ. ನಾನು ಪರೀಕ್ಷೆಗೆ ಓದಿದ್ದು ಇದು! ಇಷ್ಟು ಪ್ರಮಾಣ ಕೊಟ್ಟರೆ ಕಣ್ಣು ಹೋಗ್ತದೆ ಅಂತ ಎಲ್ಲ ಪುಸ್ತಕದಲ್ಲೂ ಉಂಟು!" ಎಂದು ಚೀಟಿ ಪುಸ್ತಕವನ್ನು ಮೇಜಿನ ಮೇಲೆ ಬಡಿದಳು.

ಪವಿತ್ರನ್ ಬೆರಗಾಗಿ ಕೂತಿದ್ದ. ತನಗಾಗಿ ಒಬ್ಬರು ಸಿಟ್ಟಾಗಿದ್ದರು, ಅವರಿಗೆ ಯಾರೂ ನೀರು ತರುತ್ತಿರಲಿಲ್ಲ.

"ಮೋಳೇ, ಅದರಲ್ಲಿ ಎಂತ ಬರೆದಿದ್ದಾರೆ? ಓದಿ ಹೇಳ್ತೀಯಾ?" ಎಂದು, ಮಗಳನ್ನು ಕರೆಯುವ ದನಿಯಲ್ಲಿ, ಕೇಳಿದ. "ಎರಡು ವರ್ಷದ್ದು. ಪೂರ್ತಿ."

ಹೊರಗೆ ಜನ ಕಾಯುತ್ತಿದ್ದರು. ಆದರೂ ಆ ಹುಡುಗಿ ಕೂತು ಇಂಗ್ಲಿಷನ್ನು ಮಲಯಾಳಕ್ಕೆ ತಿರುಗಿಸುತ್ತ ಪುಟ ಪುಟವಾಗಿ ಓದಿದಳು. ಹದಿನೈದು ವರ್ಷ ಊರಿಗೆಲ್ಲ ಓದಿದವನು ಮೊದಲ ಸಲ ಕೇಳುವವನಾಗಿ ಕೂತ, ಒಂದಕ್ಷರ ಬಿಡದೆ ತಲೆಯಲ್ಲಿಟ್ಟುಕೊಂಡ.

ಕಣ್ಣೂರಿಗೆ ಮರಳಿ ಗೋಪಿನಾಥನ್ ಡಾಕ್ಟರ ಕೋಣೆ ತಲುಪಿದಾಗ ಸಂಜೆಯಾಗಿತ್ತು. ಅವರು ಜಮೀಲಾಳ ಪತ್ರ ಓದಿ ಕನ್ನಡಕ ತೆಗೆದು ಒರೆಸಿದರು. ಬೇರೆ ಮಾತ್ರೆ ಬರೆದರು.

"ಮೂರು ಸಲ ಹೇಳಿದ್ದೆ ಡಾಕ್ಟ್ರೇ, ಕಂದು ಕಾಣ್ತದೆ ಅಂತ" ಎಂದ ಪವಿತ್ರನ್.

"ನೋಡಿ, ಎಲ್ಲ ಔಷಧಿಗೂ ಒಂದು ಅಡ್ಡ ಪರಿಣಾಮ ಇರುತ್ತೆ. ತಲೆ ಸರಿ ಇರಬೇಕೋ ಬೇಡವೋ? ಅಲ್ಲದೆ, ಹೆಚ್ಚು ಮಾಡಿ ಅಂತ ನಾನಾಗಿ ಹೇಳಿದ್ದಾ? ನಿಮ್ಮವರೇ ಬರೆದುಕೊಟ್ಟದ್ದು." ಡಾಕ್ಟರು ಫೈಲಿನಿಂದ ಮೊಹರಿನ ಕಾಗದ ತೆಗೆದು ಮೇಜಿನ ಮೇಲಿಟ್ಟರು. "ಮೂವತ್ತೆರಡು ಜನರ ಸಹಿ ಇದೆ."

ಪವಿತ್ರನ್ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡ. ಈ ಮೇಜು ಮಗುಚಿದರೆ ಏನು ಬರೆಯುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಕುರುಡಾದವನಿಗೂ ಸಿಟ್ಟು ಬರಬಾರದು, ಕುರುಡು ಮಾಡಿದವರ ಎದುರಂತೂ ಬರಲೇಬಾರದು. ಕೌಮುದಿಗೆ ಅಂಥ ಕಟ್ಟುಪಾಡು ಇರಲಿಲ್ಲ. ಅವಳು ಆ ಕಾಗದವನ್ನು ಸರಕ್ಕನೆ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅದು ಆಸ್ಪತ್ರೆಯ ದಾಖಲೆ!" ಎಂದರು ಡಾಕ್ಟರು.

"ಇದರಲ್ಲಿ ನನ್ನ ಸಹಿ ಉಂಟು. ನಂದು ನಾನು ತಕೊಂಡು ಹೋಗ್ತೇನೆ" ಎಂದಳು ಕೌಮುದಿ. "ಧೈರ್ಯ ಇದ್ರೆ ಸೊಂಟಕ್ಕೆ ಕೈ ಹಾಕಿ ತೆಗೀರಿ."

ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಸಭೆ. ಕೆಲಸ ಉಳಿದಿದ್ದರಿಂದ ಎಲ್ಲರ ಮಡಿಲಲ್ಲಿ ಮೊರ ಇದ್ದೇ ಇತ್ತು. ನಾಣು ಏಟ್ಟ ಪುಸ್ತಕ ತೆರೆದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪವಿತ್ರನ್ ಹೋಗಿ ಪೀಠದಲ್ಲಿ ಕೂತ. ಒಂದು ಕೈಯಲ್ಲಿ ಚೀಟಿ ಪುಸ್ತಕ, ಇನ್ನೊಂದರಲ್ಲಿ ಮೊಹರಿನ ಕಾಗದ.

"ಪವಿತ್ರಾ, ಇವತ್ತು ಓದು ಇಲ್ಲ" ಎಂದರು ನಾಣು ಏಟ್ಟ.

"ಉಂಟು. ನಾನು ಇನ್ನೂ ಓದುವವನೇ, ನೀವು ಇನ್ನೂ ತೆಗೆದು ಹಾಕಲಿಲ್ಲ. ಓದುವವನನ್ನು ನಡುವೆ ತಡೆಯುವ ಹಾಗಿಲ್ಲ. ನಿಯಮ ನೀವೇ ಮಾಡಿದ್ದು."

"ಓದಲಿ ಬಿಡಿ" ಎಂದರು ಚಾತ್ತು ಏಟ್ಟ, ಒರಟಾಗಿ. "ಇವತ್ತು ಯಾವ ಪೇಪರಿನ ಸುಳ್ಳೋ ಕೇಳುವ."

ಪವಿತ್ರನ್ ಚೀಟಿ ಪುಸ್ತಕ ತೆರೆದು ಮುಖದ ಮುಂದೆ ಹಿಡಿದ. ಅವನಿಗೆ ಕಾಣುತ್ತಿದ್ದದ್ದು ಕಂದು ಹಾಳೆ, ನಡುವೆ ಮಸಿ.

"ಜುಲೈ. ಸಂಘದ ಪತ್ರದ ಮೇರೆಗೆ ಮಾತ್ರೆ ಐದರಿಂದ ಹತ್ತು. ಆಗಸ್ಟ್. ಅದೇ ಔಷಧಿ, ಮೂವತ್ತು ದಿನ. ಸೆಪ್ಟೆಂಬರ್. ಅದೇ ಔಷಧಿ, ಮೂವತ್ತು ದಿನ. ಅಕ್ಟೋಬರ್. ಎಲ್ಲ ಕಂದು ಕಾಣುತ್ತದೆ ಎನ್ನುತ್ತಾನೆ. ಇಲ್ಲದ್ದು ಕಾಣುವ ಭ್ರಮೆ ಇರಬಹುದು. ಅದೇ ಔಷಧಿ, ಮೂವತ್ತು ದಿನ. ನವೆಂಬರ್. ಅದೇ ಔಷಧಿ, ಮೂವತ್ತು ದಿನ. ಡಿಸೆಂಬರ್. ಮತ್ತೆ ಕಂದು ಎನ್ನುತ್ತಾನೆ. ಭ್ರಮೆ ಮುಂದುವರಿದಿದೆ. ಅದೇ ಔಷಧಿ, ಮೂವತ್ತು ದಿನ."

ಒಂದು ತಿಂಗಳೂ ಬಿಡಲಿಲ್ಲ. ಅದೇ ಔಷಧಿ ಮೂವತ್ತು ದಿನ ಎಂಬುದನ್ನು ಒಮ್ಮೆಯೂ ಅವಸರ ಮಾಡದೆ, ಸುದ್ದಿ ಓದುವ ದನಿಯಲ್ಲೇ ಓದಿದ. ಎರಡನೆಯ ವರ್ಷದ ನಡುವಿನಲ್ಲಿ ಮೊದಲನೆಯ ಕತ್ತರಿ ನಿಂತಿತು. ಆಮೇಲೆ ಒಂದೊಂದಾಗಿ ಉಳಿದವೂ ನಿಂತವು. ಚಾತ್ತು ಏಟ್ಟ ಮೆಲ್ಲಗೆ ಎದ್ದು ಬಂದು ಅವನ ಬೆನ್ನ ಹಿಂದೆ ನಿಂತು ಪುಸ್ತಕ ನೋಡಿದರು.

"ಪುಸ್ತಕ ತಲೆಕೆಳಗೆ ಉಂಟು" ಎಂದರು. ಅವರ ದನಿ ಒಡೆದಿತ್ತು. "ಇವನು ತಲೆಕೆಳಗೆ ಹಿಡ್ಕೊಂಡಿದ್ದಾನೆ. ಇವನಿಗೆ ಕಾಣುದೇ ಇಲ್ಲ ಮಾರಾಯ್ರೇ."

"ತಡೆಯುವ ಹಾಗಿಲ್ಲ ಚಾತ್ತು ಏಟ್ಟಾ" ಎಂದ ಪವಿತ್ರನ್, ಪುಸ್ತಕವನ್ನು ತಿರುಗಿಸುವ ಗೋಜಿಗೆ ಹೋಗದೆ. "ಇನ್ನೊಂದು ಕಾಗದ ಉಂಟು. ಕಣ್ಣಿನ ಡಾಕ್ಟರ್ ಹೇಳಿದ್ದು ಮೊದಲು ಕೇಳಿ. ಈ ಮಾತ್ರೆ ಐದಿದ್ದಾಗ ನನ್ನ ಕಣ್ಣು ನೆಟ್ಟಗಿತ್ತು. ಹತ್ತಾದ ಮೇಲೆ ಸುಟ್ಟದ್ದು. ಹೋದದ್ದು ಬರುದಿಲ್ಲ. ಈಗ ಹತ್ತು ಮಾಡಿದವರ ಹೆಸರು."

ಮೊಹರಿನ ಕಾಗದವನ್ನು ಎತ್ತಿ ಹಿಡಿದು, ಸಾಲಿನಲ್ಲಿ ಯಾರು ಎಲ್ಲಿ ಕೂರುತ್ತಾರೋ ಅದೇ ಕ್ರಮದಲ್ಲಿ, ಮೂವತ್ತೆರಡು ಹೆಸರನ್ನೂ ಓದಿದ. ನಾಣುವಿನಿಂದ ಹಿಡಿದು ಕೌಮುದಿಯ ತನಕ. ಆಮೇಲೆ ಎದ್ದು ನಿಂತ. ಹದಿನೆಂಟು ವರ್ಷ ನುಂಗಿದ್ದೆಲ್ಲ ಒಟ್ಟಿಗೆ ಮೇಲೆ ಬಂತು.

"ಒಂದು ಪೇಪರ್ ನೆಲಕ್ಕೆ ಬಡಿದದ್ದಕ್ಕೆ! ಒಂದು ಪೇಪರ್! ನೀವೆಲ್ಲ ಇಲ್ಲಿ ಮೊರ ಮುರೀಲಿಲ್ವಾ, ಕುರ್ಚಿ ಎಸೀಲಿಲ್ವಾ, ಒಬ್ಬರ ಅಪ್ಪನನ್ನು ಇನ್ನೊಬ್ಬರು ಎತ್ತಿ ಆಡ್ಲಿಲ್ವಾ? ಯಾರ ಬಾಯಿಗೆ ಮಾತ್ರೆ ಹಾಕಿದ್ರಿ? ನನ್ನ ಕಣ್ಣು ನಿಮ್ಮ ಅಪ್ಪನ ಮನೆಯ ಸೊತ್ತಾ, ಕೈ ಎತ್ತಿ ತೀರ್ಮಾನ ಮಾಡ್ಲಿಕ್ಕೆ?"

ಬುಟ್ಟಿಯನ್ನು ಒದ್ದ. ದಿನದ ಕಟ್ಟುಗಳೆಲ್ಲ ನೆಲದ ಮೇಲೆ ಚೆಲ್ಲಾಪಿಲ್ಲಿಯಾದವು. ಅಭ್ಯಾಸಬಲ ಎಂಬುದು ಕೆಟ್ಟದ್ದು. ಮೂಲೆಯಿಂದ ಯಾರೋ ಹೂಜಿಯ ಕಡೆ ಹೊರಟ ಹೆಜ್ಜೆಯ ಸದ್ದಾಯಿತು.

"ನೀರು ತಂದವರ ತಲೆಗೇ ಸುರೀತೇನೆ!" ಎಂದು ಪವಿತ್ರನ್ ಅಬ್ಬರಿಸಿದ. ಹೆಜ್ಜೆ ನಿಂತಿತು. "ನಂಗೆ ಕಾಯಿಲೆ ಉಂಟು, ಹೌದು. ಔಷಧಿ ಬೇಕು, ಹೊಸ ಮಾತ್ರೆ ಇವತ್ತು ಬೆಳಿಗ್ಗೆ ನುಂಗಿಯೇ ಬಂದದ್ದು. ಇದು ಕಾಯಿಲೆ ಅಲ್ಲ. ಇದು ಸಿಟ್ಟು. ನಾಣು ಏಟ್ಟಾ, ಪುಸ್ತಕದಲ್ಲಿ ಬರೀರಿ. ಪವಿತ್ರನಿಗೆ ಸಿಟ್ಟು ಬಂದಿದೆ, ಅದಕ್ಕೆ ಕಾರಣ ಉಂಟು, ಆ ಕಾರಣ ನಾವೇ ಅಂತ. ಮತಕ್ಕೆ ಹಾಕಿ."

 ಬಟ್ಟೆ ಸರಿದಾಡುವ ಸದ್ದು ಕೇಳಿತು.

"ಎಲ್ಲರೂ ಕೈ ಎತ್ತಿದ್ದಾರೆ ಪವಿತ್ರಾ" ಎಂದರು ನಾಣು ಏಟ್ಟ, ತಗ್ಗಿದ ದನಿಯಲ್ಲಿ.

"ನಂಗೆ ಕೈ ಕಾಣುದಿಲ್ಲ. ಹೋದ ಸಲದ್ದು ಕಂಡಿತ್ತು, ಅದು ಸಾಕು. ಒಬ್ಬೊಬ್ಬರೂ ಬಾಯಿಬಿಟ್ಟು ಹೆಸರು ಹೇಳಿ."

ಬೆನ್ನ ಹಿಂದಿನಿಂದಲೇ ಮೊದಲ ಹೆಸರು ಬಂತು. "ಚಾತ್ತು" ಎಂದರು ಮುದುಕರು. "ಅಂಬಾಡಿಯ ಸಿಟ್ಟು ನಂಗೆ ಇನ್ನೂ ಉಂಟು, ಅದು ಬೇರೆ. ಇದಕ್ಕೆ ಚಾತ್ತು."

"ನಾಳೆ ಕರಿವೆಳ್ಳೂರಿಗೆ ಹೋಗುವ, ನಾನೂ ಬರ್ತೇನೆ" ಎಂದ ಪವಿತ್ರನ್. "ಇನ್ನು ಇಲ್ಲಿ ಓದುವವರು ಯಾರಾದ್ರೂ ಮರಣದ ಪುಟದ ಸಣ್ಣಕ್ಷರ ಮೊದಲು ಓದಿ." ಇಷ್ಟು ಹೇಳಿ ಪೀಠದಿಂದ ಕೆಳಗಿಳಿದು ನೆಲದ ಮೇಲೆ ನಿಂತ. ಹದಿನೈದು ವರ್ಷದ ರಾಜ್ಯ ಅಷ್ಟರಲ್ಲಿ ಮುಗಿಯಿತು. 

ಹೆಸರುಗಳು ಸಾಲಿನ ಮೇಲೆ ಸಾಲು ಬಂದವು. ಕೆಲವು ಗಟ್ಟಿಯಾಗಿ, ಕೆಲವು ಅಳುತ್ತ, ಒಂದೆರಡು ಗೊಣಗುತ್ತ. ಪವಿತ್ರನ್ ಬೆರಳು ಮಡಿಸುತ್ತ ಎಣಿಸಿದ. ಹೆಂಗಸರ ಸಾಲಿನ ಕೊನೆಯಿಂದ, "ಕೌಮುದಿ. ಅವತ್ತು ಕೈ ಎತ್ತಿದವಳು" ಎಂದು ಕೇಳಿತು. ಮೂವತ್ತೊಂದು.

ಅವನು ಕಾದ. ಮೇಜಿನ ಕಡೆಯಿಂದ ಕಾಗದದ ಮೇಲೆ ಪೆನ್ನು ಸರಿದಾಡುವ ಸದ್ದು ಮಾತ್ರ ಬರುತ್ತಿತ್ತು.

"ಒಂದು ಕಡಿಮೆ ಉಂಟು" ಎಂದ. "ನಾಣು ಏಟ್ಟಾ, ನಿಮ್ಮದು ಕೇಳಲಿಲ್ಲ."

"ನಾನು ಬರೀತಾ ಇದ್ದೇನೆ ಪವಿತ್ರಾ. ನನ್ನ ಹೆಸರನ್ನೇ ಮೊದಲು ಬರೆದಿದ್ದೇನೆ, ನೋಡು."

"ನೋಡುದಾ?" ಎಂದ ಪವಿತ್ರನ್.

ಪೆನ್ನು ನಿಂತಿತು. ಕುರ್ಚಿ ಹಿಂದೆ ಸರಿದ ಸದ್ದಾಯಿತು. ಇಪ್ಪತ್ತು ವರ್ಷ ಎಲ್ಲರ ಹೆಸರನ್ನೂ ಕರೆದು ಹಾಜರಿ ಹಾಕಿದ ಮನುಷ್ಯ ಎದ್ದು ನಿಂತು ತನ್ನ ಹೆಸರು ಹೇಳಿದರು.